ಮಳೆಗಾಲದ ಮನೆಯೂ ಬೂಷ್ಟೂ

(ಮಲೆನಾಡಿನ ಹಳ್ಳಿಯ ಸಭೆಯೊಂದರಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಇವತ್ತು ಬೂಷ್ಟಿನ ವಿಷಯ ಮಾತನಾಡುತ್ತೇನೆಂದು ಹೇಳಿದಾಗ ಇಲ್ಲಿನ ಹಿರಿಯರೊಬ್ಬರು ನಕ್ಕರು. “ಅದಕ್ಕೂ ಒಂದು ಭಾಷಣವೇ? ಆರಿದ್ರಾ ಮಳೆ ಹಿಡಿದರೆ ಬರುತ್ತದೆ, ಮಘಾ ಮಳೆ ಕಳೆದ ಮೇಲೆ ಹೋಗುತ್ತದೆ” ಎಂದರು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಹೀಗೆ ತೋರುವುದು ಸಹಜ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂಥ ಸೀಮೆಯಲ್ಲಿ ಚಪ್ಪಲಿಯ ಮೇಲೆ ಬೂದಿಯಂಥ ಪದರ, ಮರದ ಪೆಟ್ಟಿಗೆಯ ಹಿಂದೆ ಬಿಳಿ ನವಿರು, ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಯಾರಿಗೂ ಆಶ್ಚರ್ಯವಿಲ್ಲ. ಬಟ್ಟೆಯಿಂದ ಒರೆಸುತ್ತೇವೆ, ವಾರದಲ್ಲಿ ಮತ್ತೆ ಬರುತ್ತದೆ, ಮತ್ತೆ ಒರೆಸುತ್ತೇವೆ.

ಆದರೆ ಹಿಂದೆ ಇಷ್ಟೊಂದು ಇರಲಿಲ್ಲವಲ್ಲ ಎಂದು ಅಜ್ಜಿಯರು ಹೇಳುವುದನ್ನು ನೀವು ಕೇಳಿರಬಹುದು. ಹೊಸದಾಗಿ ತಾರಸಿ ಮನೆ ಕಟ್ಟಿದವರಂತೂ, ಇಷ್ಟು ಹಣ ಸುರಿದ ಮನೆಗೆ ಹಳೆಯ ಹೆಂಚಿನ ಮನೆಗಿಂತ ಹೆಚ್ಚು ಬೂಷ್ಟು ಏಕೆ ಎಂದು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ನಿಜವಿದೆ. ಇದಕ್ಕೆ ಉತ್ತರ ಹುಡುಕಿದರೆ ಉಪಾಯವೂ ಸಿಕ್ಕುತ್ತದೆ.

ಮೊದಲು ಬೂಷ್ಟು ಎಂದರೇನು ಎಂಬುದನ್ನು ತಿಳಿಯೋಣ. ಅದು ಅಣಬೆಯ ಕುಲಕ್ಕೆ ಸೇರಿದ ಒಂದು ಜೀವಿ. ಅದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ. ಬೇಸಗೆಯಲ್ಲಿಯೂ ಇವೆ, ಈಗ ನಾವು ಕುಳಿತಿರುವ ಈ ಜಗುಲಿಯ ಮೇಲೂ ಇವೆ. ಅವನ್ನು ಮನೆಯಿಂದ ಹೊರಗಿಡುವುದು ಯಾರಿಂದಲೂ ಆಗದು. ಅವು ಮೊಳೆಯಲು ಆಹಾರ ಬೇಕು, ನೀರು ಬೇಕು. ಆಹಾರವೆಂದರೆ ಮರ, ಕಾಗದ, ಚರ್ಮ, ಹತ್ತಿ ಬಟ್ಟೆ, ಗೋಡೆಗೆ ಅಂಟಿದ ಧೂಳು, ಜಿಡ್ಡು. ಇದನ್ನೆಲ್ಲ ಮನೆಯಿಂದ ತೆಗೆಯುವಂತಿಲ್ಲ. ಆದ್ದರಿಂದ ನಮ್ಮ ಕೈಯಲ್ಲಿರುವುದು ನೀರೊಂದೇ. ಬೂಷ್ಟನ್ನು ಒರೆಸುವುದಕ್ಕಿಂತ, ಅದಕ್ಕೆ ನೀರು ಎಲ್ಲಿಂದ ಬಂತು ಎಂದು ಹುಡುಕಬೇಕು.

ಇದು ನಿಮಗೆ ಹೊಸ ಮಾತಲ್ಲ. ಅಡಿಕೆಗೆ ಕೊಳೆರೋಗ ಬಂದು ಕಾಯಿ ಉದುರಲು ಶುರುವಾದ ಮೇಲೆ ಔಷಧಿ ಹೊಡೆದರೆ ಏನು ಫಲ? ಮಳೆ ಬಲಿಯುವ ಮುಂಚೆಯೇ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯುತ್ತೀರಿ. ತೋಟಕ್ಕೆ ತೋರಿಸುವ ಈ ಮುಂದಾಲೋಚನೆಯನ್ನು ಮನೆಗೂ ತೋರಿಸಬೇಕು.

ಬೂಷ್ಟಿನಿಂದ ಆಗುವ ಹಾನಿ ಬರಿಯ ಕಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯೊಳಗಿನ ತೇವ ಹಾಗೂ ಬೂಷ್ಟಿನ ಬಗ್ಗೆಯೇ ಒಂದು ಮಾರ್ಗದರ್ಶಿಯನ್ನು ಹೊರಡಿಸಿತು. ತೇವವಿರುವ, ಬೂಷ್ಟು ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಏದುಸಿರಿನ ತೊಂದರೆಗಳು ಹೆಚ್ಚು ಎಂದು ಅದರಲ್ಲಿ ಹೇಳಿದೆ. ಮಳೆಗಾಲದಲ್ಲಿ ಮಗುವಿಗೆ ರಾತ್ರಿ ಕೆಮ್ಮು, ಬೇಸಗೆಯಲ್ಲಿ ಇಲ್ಲ ಎಂದಾದರೆ, ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಜೊತೆಗೆ ಅದು ಮಲಗುವ ಮೂಲೆಯ ಗೋಡೆಯನ್ನೂ ಒಮ್ಮೆ ನೋಡಿರಿ. ಕೊಟ್ಟಿಗೆಯಲ್ಲಿ ಬೂಷ್ಟು ಹಿಡಿದ ಹುಲ್ಲನ್ನು ಕೊಡವುವಾಗ ಏಳುವ ಧೂಳನ್ನು ಮತ್ತೆ ಮತ್ತೆ ಉಸಿರಾಡಿದವರಿಗೆ ಶ್ವಾಸಕೋಶದ ಒಂದು ಬೇನೆಯೇ ಬರುತ್ತದೆ. ವೈದ್ಯರು ಅದಕ್ಕೆ ‘ರೈತನ ಶ್ವಾಸಕೋಶ’ ಎಂದೇ ಹೆಸರಿಟ್ಟಿದ್ದಾರೆ.

ಇನ್ನು ನೀರಿನ ದಾರಿಗಳು. ಮನೆಗೆ ತೇವ ಬರುವುದು ನೆಲದಿಂದ, ಮಳೆಯಿಂದ, ಮತ್ತು ಮನೆಯೊಳಗಿನಿಂದಲೇ. ಮೊದಲ ಎರಡನ್ನು ಎಲ್ಲರೂ ಬಲ್ಲಿರಿ. ಮೂರನೆಯದೇ ಮೋಸಗಾರ.

ನೆಲದ ತೇವ ಗೋಡೆಯ ಬುಡದಿಂದ ಮೇಲಕ್ಕೇರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣಿನ ಗೋಡೆ, ಇಟ್ಟಿಗೆ, ಜಂಬಿಟ್ಟಿಗೆ ಕಲ್ಲು ನೀರನ್ನು ಎಳೆಯುತ್ತವೆ. ಮೊಣಕಾಲೆತ್ತರ, ಕೆಲವೆಡೆ ಸೊಂಟದೆತ್ತರದವರೆಗೆ ಗೋಡೆಯ ಬಣ್ಣ ಕಪ್ಪಾಗಿ, ಅದರ ಅಂಚಿನಲ್ಲಿ ಬಿಳಿಯ ಪುಡಿ ಕಾಣುತ್ತದೆ. ಈ ಬಿಳಿಯ ಪುಡಿಯನ್ನು ಹಲವರು ಬೂಷ್ಟೆನ್ನುತ್ತಾರೆ. ಅದು ಮಣ್ಣಿನ ಉಪ್ಪು. ಎರಡು ತೊಟ್ಟು ನೀರು ಹಾಕಿದರೆ ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಅಂಗಳದ ನೀರು ಗೋಡೆಯ ಕಡೆಗೆ ಇಳಿಯುತ್ತಿದೆಯೇ ಎಂದು ನೋಡಿರಿ. ಎಷ್ಟೋ ಮನೆಗಳಲ್ಲಿ ವರ್ಷವರ್ಷವೂ ಮಣ್ಣು ಹಾಕಿ ಅಂಗಳ ಏರಿಸಿ, ಹಿಂದೆ ಎರಡು ಅಡಿಯಿದ್ದ ತಳಪಾಯ ಈಗ ಅರ್ಧ ಅಡಿಯಾಗಿದೆ. ಅಲ್ಲಿ ಮನೆಯ ಸುತ್ತ ಚರಂಡಿ ತೋಡಿ ನೀರನ್ನು ದೂರ ಸಾಗಿಸುವುದೇ ಮೊದಲ ಕೆಲಸ. ಅದಕ್ಕೆ ಬೇಕಾದದ್ದು ಹಾರೆ, ಗುದ್ದಲಿ, ಎರಡು ದಿನದ ದುಡಿಮೆ. ಹೊಸ ಮನೆ ಕಟ್ಟುವವರು ತಳಪಾಯದ ಮೇಲೆ ತೇವ ತಡೆಯುವ ಕಾಂಕ್ರೀಟ್ ಪಟ್ಟಿಯನ್ನು ಮೇಸ್ತ್ರಿಯ ಮಾತಿಗೆ ಮರುಳಾಗಿ ಬಿಡಬಾರದು. ಗೋಡೆ ಎದ್ದ ಮೇಲೆ ಅದನ್ನು ಹಾಕಿಸುವುದು ಬಲು ಕಷ್ಟ.

ಮಳೆಯ ನೀರು ಒಡೆದ ಹೆಂಚಿನಿಂದ ಬರುತ್ತದೆ, ಸೂರಿನಿಂದ ಬಿದ್ದು ನೆಲಕ್ಕೆ ಬಡಿದು ಗೋಡೆಗೆ ಸಿಡಿಯುತ್ತದೆ, ಬೀಸುಮಳೆಯಲ್ಲಿ ನೇರವಾಗಿಯೇ ಹೊಡೆಯುತ್ತದೆ. ರೋಹಿಣಿ ಮಳೆಗೆ ಮುಂಚೆ ಹೆಂಚು ಕೈಯಾಡಿಸುವ ಪದ್ಧತಿ ಇದಕ್ಕಾಗಿಯೇ ಇತ್ತು. ಗಾಳಿಮಳೆ ಬರುವ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಅದರ ಬದಲು ಪ್ಲಾಸ್ಟಿಕ್ ಹೊದಿಕೆ ಬಂದಿದೆ. ಅದನ್ನು ಗೋಡೆಗೆ ಅಂಟಿದಂತೆ ಕಟ್ಟಬೇಡಿರಿ. ಸೋಗೆಯ ಸಂದಿಯಲ್ಲಿ ಗಾಳಿಯಾಡುತ್ತಿತ್ತು, ಪ್ಲಾಸ್ಟಿಕ್ಕಿನಲ್ಲಿ ಆಡದು. ಬಿದಿರ ಗಳು ಕೊಟ್ಟು ಗೋಡೆಯಿಂದ ಒಂದು ಗೇಣು ದೂರಕ್ಕೆ ಕಟ್ಟಿರಿ. ತಾರಸಿ ಮನೆಯವರು ಮೇಲೆ ತಗಡಿನ ಮಾಡು ಹಾಕಿಸುವುದು ಈಗ ಈ ಸೀಮೆಯಲ್ಲಿ ರೂಢಿಯಾಗಿದೆ. ನೋಡಲು ಚೆನ್ನಿಲ್ಲ ಎನ್ನುವವರಿದ್ದಾರೆ, ಆದರೆ ಅದು ಸರಿಯಾದ ಕೆಲಸ. ನಮ್ಮ ಮಳೆಗೆ ಚಪ್ಪಟೆ ಮಾಡು ಹೊಂದುವುದಿಲ್ಲ.

ಇನ್ನೊಂದು ಮಾತು. ಮಣ್ಣಿನ ಗೋಡೆಗೆ ಭದ್ರವಾಗಲಿ ಎಂದು ಸಿಮೆಂಟ್ ಗಾರೆ ಹೊಡೆಸುತ್ತಾರೆ. ಒಳಗೆ ಸೇರಿದ ತೇವಕ್ಕೆ ಆಮೇಲೆ ಹೊರಗೆ ಹೋಗಲು ದಾರಿ ಇಲ್ಲ. ಮೂರು ನಾಲ್ಕು ಮಳೆಗಾಲ ಕಳೆಯುವಾಗ ಗಾರೆ ಉಬ್ಬಿ ಬೀಳುತ್ತದೆ, ಒಳಗಿನ ಮಣ್ಣು ಹಸಿಯಾಗಿಯೇ ಇರುತ್ತದೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ತಕ್ಕದ್ದು.

ಈಗ ಮನೆಯೊಳಗಿನ ನೀರು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಹಳೆಯ ಮನೆಯಲ್ಲಿ ಸೌದೆ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿತ್ತು. ಅದರ ಬಿಸಿಗಾಳಿ ಹೊಗೆಯೊಡನೆ ಮೇಲೇರಿ, ಅಟ್ಟವನ್ನು ಸುತ್ತಿ, ಹೆಂಚಿನ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಹೋಗುವಾಗ ಮನೆಯ ಆವಿಯನ್ನೂ ಎಳೆದುಕೊಂಡು ಹೋಗುತ್ತಿತ್ತು. ಅಟ್ಟದ ಮೇಲಿಟ್ಟ ಬೀಜದ ಭತ್ತ, ಹಪ್ಪಳ, ಬುಟ್ಟಿ ಎಲ್ಲವೂ ಹೊಗೆ ಹಿಡಿದು ಒಣಗಿರುತ್ತಿದ್ದವು. ಮನೆಯನ್ನು ಒಣಗಿಸುವ ಕೆಲಸವನ್ನು ಯಾರೂ ಬೇರೆಯಾಗಿ ಮಾಡುತ್ತಿರಲಿಲ್ಲ. ಅಡಿಗೆಯ ಜೊತೆಯಲ್ಲಿ ಅದು ತಾನಾಗಿ ಆಗುತ್ತಿತ್ತು.

ಆಮೇಲೆ ಗ್ಯಾಸ್ ಒಲೆ ಬಂತು. ಬಂದದ್ದು ಒಳ್ಳೆಯದೇ ಆಯಿತು. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಬಡವರ ಮನೆಗಳಿಗೂ ಬಂತು. ಹೊಗೆಯಲ್ಲಿ ಕಣ್ಣು, ಎದೆ ಕೆಡಿಸಿಕೊಂಡ ತಾಯಂದಿರನ್ನು ನೆನೆದರೆ ಹಿಂದಕ್ಕೆ ಹೋಗಿರೆಂದು ಯಾರೂ ಹೇಳಲಾರರು. ಆದರೆ ಹೊಗೆ ಹೋದಾಗ ಅದು ಮಾಡುತ್ತಿದ್ದ ಒಣಗಿಸುವ ಕೆಲಸವೂ ಹೋಯಿತು, ಮತ್ತು ಅದನ್ನು ಬೇರೆ ಯಾವುದಕ್ಕೂ ನಾವು ವಹಿಸಲಿಲ್ಲ. ಅದೇ ಕಾಲಕ್ಕೆ ಹೆಂಚಿನ ಬದಲು ತಾರಸಿ ಬಂತು, ಸಂದಿಗಳು ಮುಚ್ಚಿದವು, ಕಿಟಕಿಗೆ ಗಾಜು ಬಂತು.

ಇನ್ನೊಂದು ಸಂಗತಿ ನಿಮಗೆ ಸೋಜಿಗವೆನಿಸಬಹುದು. ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚೇ ನೀರು ಆವಿಯಾಗಿ ಬರುತ್ತದೆ. ಹಾಗಾದರೆ 14.2 ಕಿಲೋ ತೂಗುವ ಒಂದು ಸಿಲಿಂಡರಿನ ಗ್ಯಾಸ್ ಮುಗಿಯುವಾಗ ಸುಮಾರು 22 ಲೀಟರ್ ನೀರು, ಅಂದರೆ ಒಂದು ದೊಡ್ಡ ಬಿಂದಿಗೆಗಿಂತ ಹೆಚ್ಚು, ಅಡಿಗೆಮನೆಯ ಗಾಳಿಗೆ ಸೇರಿತು. ಅನ್ನ ಸಾರು ಕುದಿಯುವ ಆವಿ ಬೇರೆ. ಅದಕ್ಕೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ತಣ್ಣಗಿರುವ ಗೋಡೆಯನ್ನು ಹುಡುಕಿ ಅಲ್ಲಿ ನೀರಾಗುತ್ತದೆ. ತಾರಸಿಯ ಮೂಲೆ, ಹೊರಗೋಡೆಗೆ ಒತ್ತಿಟ್ಟ ಕಪಾಟಿನ ಹಿಂಬದಿ, ಮಂಚದ ತಲೆದೆಸೆ, ಇವೇ ಬೂಷ್ಟು ಮೊದಲು ಕಾಣುವ ಜಾಗಗಳು. ಸೋರದ ಗೋಡೆಯಲ್ಲೂ ಬೂಷ್ಟೇಕೆ ಎಂಬುದಕ್ಕೆ ಇದೇ ಉತ್ತರ.

ಒಗೆದ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಿಸುವುದೂ ಹೀಗೆಯೇ. ಬಟ್ಟೆ ಒಣಗಿತು ಎಂದರೆ ಅದರ ನೀರು ಕೋಣೆಯೊಳಗೆ ಸೇರಿತು ಎಂದರ್ಥ. ಹಸಿ ಸೌದೆಯನ್ನು ಒಳಗೆ ಪೇರಿಸಿಟ್ಟವರು ನೆನಪಿಡಬೇಕು: ಆಗತಾನೇ ಕಡಿದ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ.

ನಿಮ್ಮ ಗೋಡೆಯ ತೇವ ಯಾವ ದಾರಿಯಿಂದ ಬಂದದ್ದು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಅಂಗೈ ಎರಡರಷ್ಟು ಅಗಲದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಅಂಟುಪಟ್ಟಿ ಹಚ್ಚಿರಿ. ಒಂದೆರಡು ದಿನ ಬಿಟ್ಟು ನೋಡಿರಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿನದು. ಚರಂಡಿ, ಸೂರು, ಮಾಡು ನೋಡಬೇಕು. ಹನಿ ಕೋಣೆಯ ಕಡೆ ಇದ್ದರೆ ಅದು ಮನೆಯ ಆವಿ. ಗಾಳಿಗೆ ದಾರಿ ಮಾಡಬೇಕು. ಇದನ್ನು ನೋಡದೆ ಸಾವಿರಾರು ರೂಪಾಯಿಯ ತೇವನಿರೋಧಕ ಬಣ್ಣ ಕೊಳ್ಳುವುದು ರೋಗ ತಿಳಿಯದೆ ಔಷಧಿ ಕುಡಿದಂತೆ.

ಗಾಳಿಗೆ ದಾರಿ ಎಂದರೆ ಎಲ್ಲ ಕಿಟಕಿಯನ್ನೂ ದಿನವಿಡೀ ತೆರೆದಿಡುವುದಲ್ಲ. ಪುನರ್ವಸು ಪುಷ್ಯ ಮಳೆಯ ದಿನಗಳಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಆದರೆ ಬೆಚ್ಚಗಾದ ಗಾಳಿ ಹೆಚ್ಚು ನೀರನ್ನು ಹೊರಬಲ್ಲದು. 21 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 18 ಗ್ರಾಂ ನೀರಿನಿಂದಲೇ ತುಂಬಿಹೋಗುತ್ತದೆ. ಅದೇ ಗಾಳಿ 27 ಡಿಗ್ರಿಗೆ ಬೆಚ್ಚಗಾದರೆ ಸುಮಾರು 26 ಗ್ರಾಂ ಹಿಡಿಯುತ್ತದೆ. ಆದ್ದರಿಂದ ಅಡಿಗೆ ಮಾಡುವಾಗ, ಆದ ಮೇಲೆ ಅರ್ಧ ಗಂಟೆ, ಮೇಲಿನ ಗವಾಕ್ಷಿಯೂ ಕೆಳಗಿನ ಕಿಟಕಿಯೂ ತೆರೆದಿರಲಿ. ಬೆಚ್ಚಗಿನ ಆವಿ ಮೇಲಿನಿಂದ ಹೋಗುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಗಾಳಿ ಹೊರದೂಡುವ ಸಣ್ಣ ಫ್ಯಾನ್ ಹಾಕಿಸಿದರೆ ಇನ್ನೂ ಉತ್ತಮ. ಅಡಿಗೆಮನೆಯಿಂದ ಒಳಮನೆಗೆ ಹೋಗುವ ಬಾಗಿಲನ್ನು ಆ ಹೊತ್ತಿನಲ್ಲಿ ಮುಚ್ಚಿಡಿರಿ. ಮಳೆ ಹೊಳವು ಕೊಟ್ಟಾಗ, ಒಂದು ಗಂಟೆಯ ಬಿಸಿಲಾದರೂ ಸರಿ, ಎಲ್ಲ ಕಿಟಕಿ, ಪೆಟ್ಟಿಗೆ, ಕಪಾಟು ತೆರೆಯಿರಿ. ಕಪಾಟು ಗೋಡೆಯಿಂದ ಒಂದು ಗೇಣು ದೂರ ನಿಲ್ಲಲಿ. ಮನೆ ಕಟ್ಟುವಾಗ ಅಡಿಗೆಮನೆಯ ಕಿಟಕಿ ಎಲ್ಲಿರಬೇಕೆಂದು ಅಲ್ಲಿ ಅಡಿಗೆ ಮಾಡುವವರನ್ನು ಕೇಳಿದ ಗಂಡಸರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ ಎಂದು ನಾನು ಕೇಳುವುದಿಲ್ಲ.

ಬಟ್ಟೆ ಒಣಗಿಸಲು ಬಚ್ಚಲ ಒಲೆಯ ಬೆಂಕಿಯೇ ನಮಗೆ ಉಳಿದಿರುವ ಉಪಾಯ. ಹಂಡೆಯ ಒಲೆ ಹೇಗೂ ಮಳೆಗಾಲವೆಲ್ಲ ಉರಿಯುತ್ತದೆ. ಅದರ ಪಕ್ಕದಲ್ಲಿ, ಕಿಡಿ ತಾಗದಷ್ಟು ದೂರದಲ್ಲಿ, ಬಿದಿರ ಗಳು ಕಟ್ಟಿ ಬಟ್ಟೆ ಹರವಿರಿ. ಹೊಗೆಗೆ ಕೊಳವೆ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯನ್ನು ಹಲವರು ನೋಡಿದ್ದೀರಿ. ಕೊಳವೆಯಿದ್ದರೆ ಹೊಗೆ ಹೊರಗೆ ಹೋಗಿ ಶಾಖ ಮಾತ್ರ ಉಳಿಯುತ್ತದೆ ಎಂಬುದು ಅಂಥ ಒಲೆಯಿಂದ ನಮಗೆ ಗೊತ್ತಾಗಿದೆ. ಮುಚ್ಚಿದ ಕೋಣೆಯಲ್ಲಿ ಮಾತ್ರ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿರಿ. ಅದರ ವಿಷಗಾಳಿಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಜಮೀನಿನ ಪತ್ರ, ಪಹಣಿ, ಮಕ್ಕಳ ಅಂಕಪಟ್ಟಿ, ಹಳೆಯ ಪುಸ್ತಕಗಳ ಬಗ್ಗೆ ಹಲವರು ಕೇಳಿದ್ದೀರಿ. ಬೇವಿನೆಲೆ, ನುಸಿಗುಳಿಗೆ ಇವು ಹುಳುವಿಗೆ. ಬೂಷ್ಟಿಗೆ ಇವುಗಳಿಂದ ಏನೂ ಆಗದು. ಕಪಾಟಿನಲ್ಲಿ ದೀಪ ಉರಿಸಿಡುವ ಪದ್ಧತಿ ಇತ್ತು. ಅದು ಹಳೆಯ ತಂತಿಯ ಬಲ್ಬಿನ ಕಾಲದ್ದು. ಈಗಿನ ಎಲ್‌ಇಡಿ ದೀಪದಲ್ಲಿ ಶಾಖವೇ ಕಡಿಮೆ. ಒಳ್ಳೆಯ ಉಪಾಯವೆಂದರೆ, ಬಿಸಿಲಿರುವ ವೈಶಾಖದಲ್ಲಿ ಪತ್ರಗಳನ್ನು ನೆರಳಿನ ಬಿಸಿಗೆ ಚೆನ್ನಾಗಿ ಒಣಗಿಸಿ, ಬಿಗಿಯಾದ ಮುಚ್ಚಳವಿರುವ ಡಬ್ಬಿಯಲ್ಲಿಡುವುದು. ಜೊತೆಗೆ ಒಂದು ಸಣ್ಣ ಕುಡಿಕೆಯಲ್ಲಿ ಅರ್ಧದಷ್ಟು ಮಾತ್ರ ಅರಳಿಸದ ಸುಣ್ಣದ ಕಲ್ಲು ಹಾಕಿ, ಬಟ್ಟೆ ಕಟ್ಟಿಡಿರಿ. ಒಂದು ಕಿಲೋ ಸುಣ್ಣದ ಕಲ್ಲು ಪೂರ್ತಿ ಅರಳುವಷ್ಟರಲ್ಲಿ ಸುಮಾರು 300 ಗ್ರಾಂ ನೀರನ್ನು ಹೀರುತ್ತದೆ. ಅರಳಿ ಪುಡಿಯಾದಾಗ ಬದಲಾಯಿಸಿರಿ. ಡಬ್ಬಿಗೆ ಇದು ಸಾಕು, ಕೋಣೆಗೆ ಸಾಲದು. ಮಕ್ಕಳ ಕೈಗೆ ಸಿಗಬಾರದು, ಕಣ್ಣಿಗೆ ಬಿದ್ದರೆ ಸುಡುತ್ತದೆ. ಅದರ ಮೇಲೆ ನೀರು ಬಿದ್ದರೆ ಬುಸುಗುಟ್ಟಿ ಕಾಯುತ್ತದೆ.

ಈಗಾಗಲೇ ಬಂದಿರುವ ಬೂಷ್ಟನ್ನು ತೆಗೆಯುವಾಗ ಒಣ ಪೊರಕೆಯಿಂದ ಗುಡಿಸಬೇಡಿರಿ. ಗುಡಿಸಿದರೆ ಬೀಜಕಣ ಮನೆಯೆಲ್ಲ ಹಾರುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸೋಪು ಅಥವಾ ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ಜಾಗವನ್ನು ಒಣಗಿಸಿರಿ. ಉಬ್ಬಸ ಇರುವವರು ಈ ಕೆಲಸಕ್ಕೆ ಬೇಡ. ಸಿಮೆಂಟ್ ನೆಲಕ್ಕೆ ಬ್ಲೀಚಿಂಗ್ ಪುಡಿಯ ನೀರು ಬಳಸಬಹುದು, ಆದರೆ ಕಕ್ಕಸು ತೊಳೆಯುವ ಆಸಿಡ್ಡಿನೊಡನೆ ಅದನ್ನು ಎಂದೂ ಸೇರಿಸಬಾರದು. ಎದೆ ಸುಡುವ ವಿಷದ ಗಾಳಿ ಏಳುತ್ತದೆ. ತೋಟಕ್ಕೆ ಮಾಡಿದ ಬೋರ್ಡೋ ದ್ರಾವಣವನ್ನೇ ಗೋಡೆಗೆ ಬಳಿಯುವವರೂ ಇದ್ದಾರೆ. ಅಡಿಗೆಮನೆಗೂ ಮಕ್ಕಳು ಮಲಗುವ ಕೋಣೆಗೂ ಅದು ಬೇಡ. ಬೂಷ್ಟಿನ ಮೇಲೆಯೇ ಬಣ್ಣ ಬಳಿದು ಮುಚ್ಚಿದರೆ ಮುಂದಿನ ಮಳೆಗೆ ಬಣ್ಣವನ್ನೂ ಸೇರಿಸಿ ಉದುರುತ್ತದೆ. ಒರೆಸಿ, ಒಣಗಿಸಿ, ಸುಣ್ಣ ಬಳಿಯಿರಿ. ಹೊಸ ಸುಣ್ಣದ ಖಾರಕ್ಕೆ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ. ಅದು ಅಗ್ಗ, ಗೋಡೆಯ ಉಸಿರನ್ನೂ ಕಟ್ಟುವುದಿಲ್ಲ.

ಕಡೆಯದಾಗಿ ಉಗ್ರಾಣ. ಗೋಡೆಯ ಬೂಷ್ಟಿಗಿಂತ ಕಾಳಿನ ಬೂಷ್ಟು ಅಪಾಯದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವಕ್ಕೆ ಹಾಕಿದ ನೆಲಗಡಲೆ ಹಿಂಡಿಯಲ್ಲಿ ಬೂಷ್ಟಿನ ವಿಷವಿತ್ತೆಂದು ಆಮೇಲೆ ಗೊತ್ತಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1974ರಲ್ಲಿ ನಮ್ಮ ದೇಶದಲ್ಲೇ, ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ, ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದ ಬಡವರಿಗೆ ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಮಂದಿ ತೀರಿಹೋದರು. ಅವರು ಆ ಜೋಳವನ್ನು ಬೇಯಿಸದೆ ತಿಂದವರಲ್ಲ. ಈ ವಿಷ ತೊಳೆದರೂ ಬೇಯಿಸಿದರೂ ಪೂರಾ ಹೋಗುವುದಿಲ್ಲ.

ನೆಲಗಡಲೆ, ಮೆಕ್ಕೆಜೋಳ, ಕೊಬ್ಬರಿ, ಒಣಮೆಣಸಿನಕಾಯಿ, ಇವಕ್ಕೆ ಹಸಿರು ಹಳದಿ ಬಣ್ಣದ ಬೂಷ್ಟು ಕಂಡರೆ ಎಸೆಯಿರಿ. ಮನುಷ್ಯರು ತಿನ್ನದಿದ್ದರೆ ಹಸುವಿಗಾಯಿತು ಎನ್ನಬೇಡಿರಿ. ಹಸು ತಿಂದ ವಿಷದ ಒಂದು ಪಾಲು ಹಾಲಿಗೆ ಇಳಿಯುತ್ತದೆ, ಆ ಹಾಲು ನಿಮ್ಮ ಮಗುವಿನ ಲೋಟಕ್ಕೇ ಬರುತ್ತದೆ. ಕಾಳು ಚೆನ್ನಾಗಿ ಒಣಗಿದೆಯೇ ಎಂದು ಹಲ್ಲಿನಿಂದ ಕಚ್ಚಿ ನೋಡುವುದು ನಿಮಗೆ ಗೊತ್ತು. ಕಟಕ್ಕೆಂದು ಒಡೆದರೆ ಸರಿ, ಮೆತ್ತಗೆ ಅಪ್ಪಚ್ಚಿಯಾದರೆ ಇನ್ನೂ ಬಿಸಿಲು ಬೇಕು. ಚೀಲಗಳನ್ನು ಬರಿನೆಲದ ಮೇಲಿಡದೆ ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿರಿ. ಡಬ್ಬಿಗೆ ತುಂಬುವ ಕಾಳು ಬಿಸಿಲ ಬಿಸಿ ಆರಿದ ಮೇಲೆ ತುಂಬಿರಿ. ಬಿಸಿಯಾಗಿಯೇ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ, ಬೂಷ್ಟು ಅಲ್ಲಿಂದಲೇ ಶುರುವಾಗುತ್ತದೆ.

ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮಾಡಿದವರು ಅದರ ಫಲವನ್ನು ಮುಂದಿನ ಸಭೆಗೆ ಬಂದು ತಿಳಿಸಿರಿ. ಹಾಳೆಯ ಹಿಂದೆ ಹನಿ ಕಂಡ ಮನೆಗಳ ಅಂಗಳವನ್ನು ಅಂದು ಒಟ್ಟಿಗೆ ಹೋಗಿ ನೋಡೋಣ. ಚರಂಡಿ ಯಾವ ಕಡೆಗೆ ತೆಗೆಯಬೇಕೆಂದು ಅಲ್ಲಿಯೇ ಗುರುತು ಹಾಕಬಹುದು.